ಪಕ್ಕವಾದ್ಯವಿಲ್ಲದ ಕಚೇರಿ

ಕಳೆದ ಅಕ್ಟೋಬರಿನ ಒಂದು ಶನಿವಾರ ಸಂಜೆ, ಜರ್ಮನಿಯ ಕ್ಯೋಟೆನ್ ಪಟ್ಟಣದ ಸಮೀಪದ ಹಳ್ಳಿಯೊಂದರ ಸಣ್ಣ ಚರ್ಚಿನಲ್ಲಿ ನಾನೊಬ್ಬಳೇ ಕುಳಿತು ಒಂದು ಗಂಟೆಗೂ ಮೇಲೆ ಚೆಲ್ಲೊ ಎಂಬ ದೊಡ್ಡ ಪಿಟೀಲು ನುಡಿಸಿದೆ. ಜೊತೆಗೆ ಪಿಯಾನೊ ಇರಲಿಲ್ಲ, ಅದರ ಪೂರ್ವಜ ಹಾರ್ಪ್ಸಿಕಾರ್ಡ್ ಇರಲಿಲ್ಲ, ಇನ್ನೊಂದು ತಂತಿವಾದ್ಯವೂ ಇರಲಿಲ್ಲ. ಚೆಲ್ಲೊ ಹಿಡಿದು ಇಪ್ಪತ್ತು ವರ್ಷಗಳಾದವು. ವಾದ್ಯವೃಂದಗಳಲ್ಲಿ ನುಡಿಸಿದ್ದೇನೆ, ಲೈಪ್‌ಜಿಗ್‌ನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಆದರೆ ಇಡೀ ಕಚೇರಿಯನ್ನು ಒಂಟಿಯಾಗಿ ನಡೆಸಿದ್ದು ಅದೇ ಮೊದಲು. ಅದಕ್ಕಾಗಿ ಹದಿನಾಲ್ಕು ತಿಂಗಳು ತಯಾರಾದೆ. ಆ ತಯಾರಿಯಲ್ಲಿ ಯಾವುದು ಕೈಹಿಡಿಯಿತು, ಎಲ್ಲಿ ಎಡವಿದೆ ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಊರನ್ನು ಬೇಕೆಂದೇ ಆರಿಸಿಕೊಂಡೆ. ಸಂಗೀತ ರಚನೆಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್ 1717ರಿಂದ 1723ರವರೆಗೆ ಕ್ಯೋಟೆನ್‌ನಲ್ಲಿ ರಾಜಕುಮಾರ ಲಿಯೋಪೋಲ್ಡನ ಆಸ್ಥಾನ ಸಂಗೀತದ ಮುಖ್ಯಸ್ಥನಾಗಿದ್ದ. ಆಸ್ಥಾನ ಕ್ಯಾಲ್ವಿನ್ ಪಂಥಕ್ಕೆ ಸೇರಿದ್ದು. ಅಲ್ಲಿನ ಆರಾಧನೆಯಲ್ಲಿ ದೊಡ್ಡ ಸಂಗೀತಕ್ಕೆ ಎಡೆಯಿರಲಿಲ್ಲವಾದ್ದರಿಂದ ಬಾಖ್‌ನ ಕೈ ವಾದ್ಯಸಂಗೀತದ ಕಡೆಗೆ ಹೊರಳಿತು. ಚೆಲ್ಲೊ ಒಂದಕ್ಕೇ ಎಂದು ಬರೆದ ಆರು ಸ್ವೀಟ್‌ಗಳು ಆ ವರ್ಷಗಳವು ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಸ್ವೀಟ್ ಎಂದರೆ ನೃತ್ಯಗಳ ಮಾಲಿಕೆ: ಮೊದಲಿಗೆ ಪ್ರೆಲ್ಯೂಡ್, ಆಮೇಲೆ ಅಲಮಾಂಡ್, ಕುರಾಂಟ್, ಸಾರಾಬಾಂಡ್, ಬಳಿಕ ಒಂದು ಜೋಡಿ ಹಗುರ ನೃತ್ಯ, ಕೊನೆಗೆ ಜೀಗ್. ನಮ್ಮ ರಾಗಮಾಲಿಕೆಯಲ್ಲಿ ರಾಗ ಬದಲಾಗುತ್ತದೆ, ಇಲ್ಲಿ ನಡೆ ಬದಲಾಗುತ್ತದೆ. ಇನ್ನು ಮುಂದೆ ಇವನ್ನು ಮಾಲಿಕೆ ಎಂದೇ ಕರೆಯುತ್ತೇನೆ.

ಬಾಖ್‌ನ ಸ್ವಹಸ್ತದ ಪ್ರತಿ ಉಳಿದಿಲ್ಲ. ನಮಗೆ ದಕ್ಕಿರುವುದು ಅವನ ಎರಡನೆಯ ಹೆಂಡತಿ ಆನಾ ಮಾಗ್ದಲೇನಾ ಬರೆದುಕೊಂಡ ನಕಲು, ಯೊಹಾನ್ ಪೀಟರ್ ಕೆಲ್ನರ್ ಎಂಬ ಆರ್ಗನ್ ವಾದಕ 1726ರಲ್ಲಿ ಮಾಡಿಕೊಂಡ ನಕಲು, ಮತ್ತೆ ಹೆಸರಿಲ್ಲದ ಕೈಗಳ ಎರಡು ಪ್ರತಿಗಳು. ಆನಾ ಮಾಗ್ದಲೇನಾಳ ಪ್ರತಿ ಬರ್ಲಿನ್ನಿನ ಸ್ಟೇಟ್ ಲೈಬ್ರರಿಯಲ್ಲಿದೆ. ಅದರ ಮುಖಪುಟದಲ್ಲಿ ‘ಸೆನ್ಸಾ ಬಾಸ್ಸೊ’ ಎಂಬ ಎರಡು ಪದಗಳಿವೆ. ತಳದ ಸ್ವರವಿಲ್ಲದೆ ಎಂದು ಅರ್ಥ.

ಆ ಎರಡು ಪದಗಳು ಎಷ್ಟು ದೊಡ್ಡ ಮಾತು ಎಂದು ತಿಳಿಯಲು ಬಾಖ್ ಬದುಕಿದ್ದ ಬರೋಕ್ ಕಾಲದ (ಸುಮಾರು 1600ರಿಂದ 1750) ರೂಢಿಯನ್ನು ನೆನೆಯಬೇಕು. ಹಾಡುವವರು ಯಾರೇ ಇರಲಿ, ಪಿಟೀಲು ನುಡಿಸುವವರು ಯಾರೇ ಇರಲಿ, ಕೆಳಗೆ ಒಂದು ತಳದ ಸಾಲು ಹರಿಯುತ್ತಲೇ ಇರಬೇಕಿತ್ತು. ಹಾರ್ಪ್ಸಿಕಾರ್ಡ್ ಅಥವಾ ಆರ್ಗನ್ ವಾದಕರ ಎಡಗೈ ಆ ಸಾಲನ್ನು ನುಡಿಸುತ್ತಿತ್ತು, ಜೊತೆಗೆ ಚೆಲ್ಲೊ ಅದನ್ನೇ ನುಡಿಸುತ್ತಿತ್ತು. ಚೆಲ್ಲೊ ಎಂದರೇ ಪಕ್ಕವಾದ್ಯ. ಅಂಥ ಪಕ್ಕವಾದ್ಯವನ್ನು ತಂದು ವೇದಿಕೆಯ ನಡುವೆ ಕೂರಿಸಿ, ಮೇಲಿನ ಸಾಲನ್ನೂ ನೀನೇ ನುಡಿಸು, ತಳವನ್ನೂ ನೀನೇ ನೋಡಿಕೋ ಎಂದ ಹಾಗೆ ಇದು.

ನಾನು ಬೆಳೆದದ್ದು ಮೈಸೂರಿನಲ್ಲಿ. ಅಮ್ಮ ಪಿಟೀಲು ಕಲಿಸುತ್ತಾರೆ. ಪಿಟೀಲು ಎರಡು ಶತಮಾನದ ಹಿಂದೆಯೇ ನಮ್ಮದಾಯಿತು, ಆದರೆ ಅದರ ಅಣ್ಣ ಚೆಲ್ಲೊಗೆ ಕರ್ನಾಟಕ ಸಂಗೀತದ ಮನೆಯಲ್ಲಿ ಮಣೆ ಸಿಗಲಿಲ್ಲ. ಅಪ್ಪ ಎಲ್ಲಿಂದಲೋ ತಂದ, ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್‌ರ ಕ್ಯಾಸೆಟ್ಟಿನಿಂದ ನನಗೆ ಈ ವಾದ್ಯದ ಹುಚ್ಚು ಹತ್ತಿತು. ಕಸಾಲ್ಸ್‌ಗೆ ಈ ಮಾಲಿಕೆಗಳ ಅಚ್ಚಾದ ಪುಸ್ತಕ ಸಿಕ್ಕಿದ್ದು 1890ರಲ್ಲಿ, ಬಾರ್ಸಿಲೋನಾದ ಹಳೆಯ ಪುಸ್ತಕದಂಗಡಿಯಲ್ಲಿ, ಅವರಿಗೆ ಹದಿಮೂರು ವರ್ಷವಾಗಿದ್ದಾಗ. ಆಗ ಇವು ಕಚೇರಿಯಲ್ಲಿ ನುಡಿಸುವ ಸಂಗೀತ ಎಂದು ಯಾರೂ ಎಣಿಸಿರಲಿಲ್ಲ, ಕೈ ಪಳಗಿಸುವ ಪಾಠಗಳು ಎಂದೇ ಹೆಸರಾಗಿದ್ದವು. ಆರನ್ನೂ ಅವರು ಧ್ವನಿಮುದ್ರಿಸಿದ್ದು 1936ರಿಂದ 1939ರ ನಡುವೆ. ಆ ಕ್ಯಾಸೆಟ್ಟಿನ ಮೊದಲ ಪ್ರೆಲ್ಯೂಡ್ ನಮ್ಮ ಮನೆಯಲ್ಲಿ ಎಷ್ಟು ಸಲ ತಿರುಗಿದೆಯೋ ಲೆಕ್ಕವಿಲ್ಲ.

ಕಚೇರಿಯ ತಯಾರಿ ಆರಂಭಿಸಿದ ಎರಡನೆಯ ವಾರದಲ್ಲಿ ಅದೇ ಪ್ರೆಲ್ಯೂಡನ್ನು ಫೋನಿನಲ್ಲಿ ಅಮ್ಮನಿಗೆ ನುಡಿಸಿ ಕೇಳಿಸಿದೆ. ಅವರು ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಪುಟ್ಟಿ, ಕೈ ಚೆನ್ನಾಗಿ ಓಡುತ್ತದೆ. ಆದರೆ ನಿನ್ನ ಷಡ್ಜ ಎಲ್ಲಿ?” ಎಂದು ಕೇಳಿದರು. “ಇದರಲ್ಲಿ ಶ್ರುತಿ ಹಿಡಿಯುವ ಪದ್ಧತಿ ಇಲ್ಲವಮ್ಮ” ಎಂದೆ. “ಪದ್ಧತಿ ಇಲ್ಲದಿದ್ದರೆ ಬೇಡ. ಬರೆದವನ ಕಿವಿಯಲ್ಲಿ ಇದ್ದೇ ಇರುತ್ತದಲ್ಲ. ನನಗೆ ಕೇಳಿಸಲಿಲ್ಲ” ಎಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಗುರುಗಳು ಎರಡು ವರ್ಷದಿಂದ ಬೇರೆ ಮಾತಿನಲ್ಲಿ ಹೇಳುತ್ತಾ ಬಂದದ್ದೂ ಅದನ್ನೇ: “ನೀನು ಮೇಲಿನ ಸಾಲನ್ನು ಮಾತ್ರ ನುಡಿಸುತ್ತೀಯ.” ತಪ್ಪನ್ನು ಒಬ್ಬರೇ ಹೇಳಿದಾಗ ಅಭಿಪ್ರಾಯ ಎನಿಸುತ್ತದೆ. ಎರಡು ಖಂಡಗಳಿಂದ, ಎರಡು ಸಂಪ್ರದಾಯಗಳಿಂದ ಒಂದೇ ತಪ್ಪು ಕಿವಿಗೆ ಬಿದ್ದಾಗ ತಲೆ ತಗ್ಗಿಸಿ ಕೆಲಸಕ್ಕೆ ಇಳಿಯಬೇಕು.

ಮೊದಲ ಮಾಲಿಕೆಯ ಪ್ರೆಲ್ಯೂಡನ್ನೇ ಹತ್ತಿರದಿಂದ ನೋಡೋಣ. ಒಟ್ಟು 42 ಆವರ್ತ, ಬಹುತೇಕ ಪ್ರತಿ ಆವರ್ತದಲ್ಲಿ ಹದಿನಾರು ಸಣ್ಣ ಸ್ವರಗಳು. ಮೊದಲ ಆವರ್ತ ಕೆಳಗಿನ ಜಿ ಸ್ವರದಿಂದ ಆರಂಭವಾಗಿ ಡಿ, ಬಿ ಎಂದು ಮೇಲೇರಿ ಅಲ್ಲೇ ತೂಗಾಡುತ್ತದೆ. ನಮ್ಮ ಲೆಕ್ಕದಲ್ಲಿ ಷಡ್ಜ, ಪಂಚಮ, ಮೇಲಿನ ಅಂತರ ಗಾಂಧಾರ. ಆ ಹದಿನಾರು ಸ್ವರಗಳಲ್ಲಿ ಷಡ್ಜ ಬರುವುದು ಎರಡೇ ಸಲ, ಒಂದನೆಯ ಮತ್ತು ಒಂಬತ್ತನೆಯ ಸ್ವರವಾಗಿ. ಉಳಿದ ಹದಿನಾಲ್ಕು ಸ್ವರಗಳ ಹೊತ್ತಿನಲ್ಲಿ ಅದು ವಾದ್ಯದಲ್ಲಿ ಇರುವುದಿಲ್ಲ, ಕೇಳುಗರ ನೆನಪಿನಲ್ಲಿ ಇರುತ್ತದೆ. ಮೊದಲ ನಾಲ್ಕು ಆವರ್ತಗಳಲ್ಲಿ ಮೇಲಿನ ಸ್ವರಗಳು ಬದಲಾಗುತ್ತವೆ, ತಳದ ಜಿ ಅಲುಗುವುದಿಲ್ಲ. ಐದನೆಯ ಆವರ್ತದಿಂದ ತಳ ನಡೆಯತೊಡಗುತ್ತದೆ. ನಾನು ಆ ಜಿ ಸ್ವರವನ್ನು ಉಳಿದ ಸ್ವರಗಳ ಹಾಗೆಯೇ, ಸರದಿಯಲ್ಲಿ ಬಂದ ಒಂದು ಮಣಿಯೆಂಬಂತೆ ನುಡಿಸುತ್ತಿದ್ದೆ.

ಮೊದಲು ಮಾಡಿದ ಪ್ರಯೋಗ ತಂಬೂರಿಯದು. ಬರೋಕ್ ವಾದಕರು ಇಂದು ಸಾಮಾನ್ಯವಾಗಿ ಎ ಸ್ವರವನ್ನು 415 ಹರ್ಟ್ಸ್‌ಗೆ ಕೂಡಿಸುತ್ತಾರೆ. ಇಂದಿನ ವಾದ್ಯವೃಂದಗಳ 440ಕ್ಕಿಂತ ಅದು ಅರ್ಧ ಸ್ವರ ಕೆಳಗೆ. ಹಾಗಾಗಿ ನನ್ನ ಜಿ ನಮ್ಮ ಶ್ರುತಿಪೆಟ್ಟಿಗೆಯಲ್ಲಿ ನಾಲ್ಕೂವರೆ ಮನೆಗೆ ಬಂದು ಕೂರುತ್ತದೆ. ಮೊಬೈಲಿನ ತಂಬೂರಿಯನ್ನು ನಾಲ್ಕೂವರೆ ಮನೆಗೆ ಇಟ್ಟು ಪ್ರೆಲ್ಯೂಡ್ ಆರಂಭಿಸಿದೆ. ನಾಲ್ಕು ಆವರ್ತ ಸ್ವರ್ಗ. ಬಿ ಸ್ವರವನ್ನು ತಂಬೂರಿಯ ಗಾಂಧಾರಕ್ಕೆ ಸೇರಿಸಿದಾಗ ಮರದ ಹೊಟ್ಟೆಯೇ ಹಾಡಿದಂತಾಯಿತು. ಆಮೇಲೆ ತಳ ನಡೆದುಹೋಯಿತು, ತಂಬೂರಿ ನಿಂತಲ್ಲೇ ನಿಂತಿತು, ಎರಡೂ ಒಂದನ್ನೊಂದು ಕಚ್ಚಿಕೊಂಡವು. ನಮ್ಮ ಷಡ್ಜ ಕಚೇರಿ ಮುಗಿಯುವವರೆಗೆ ಕದಲುವುದಿಲ್ಲ. ಬಾಖ್‌ನ ಆಧಾರಸ್ವರ ನಡೆಯುತ್ತದೆ, ದೂರ ಹೋಗುತ್ತದೆ, ಮನೆಗೆ ಮರಳುತ್ತದೆ, ಆ ನಡಿಗೆಯನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಅಮ್ಮನ ಪ್ರಶ್ನೆ ಸರಿಯಾಗಿತ್ತು. ಉತ್ತರ ಮಾತ್ರ ತಂಬೂರಿಯಲ್ಲಿ ಇರಲಿಲ್ಲ.

ಕೆಂಪು ಪೆನ್ಸಿಲ್ ತೆಗೆದುಕೊಂಡು ಪ್ರೆಲ್ಯೂಡಿನ ದೊಡ್ಡ ಜೆರಾಕ್ಸ್ ಪ್ರತಿಯ ಮೇಲೆ ತಳದ ಸ್ವರಗಳಿಗೆ ಮಾತ್ರ ಸುತ್ತು ಹಾಕಿದೆ. ಕೆಲವು ಕಡೆ ಯಾವುದು ತಳ, ಯಾವುದು ಹಾದುಹೋಗುವ ಸ್ವರ ಎಂದು ನಿರ್ಧರಿಸಲು ದಿನಗಟ್ಟಲೆ ಹಿಡಿಯಿತು. ಸುತ್ತು ಹಾಕಿದವನ್ನೆಲ್ಲ ಬೇರೆ ಹಾಳೆಗೆ ಇಳಿಸಿದಾಗ ಇಡೀ ಪ್ರೆಲ್ಯೂಡಿನ ತಳ ಒಂದು ಪುಟದೊಳಗೆ ಬಂತು. ಒಂದು ತಿಂಗಳು ಆ ಹಾಳೆಯನ್ನು ಮಾತ್ರ ನುಡಿಸಿದೆ, ಒಂದೊಂದು ಸ್ವರಕ್ಕೆ ಒಂದು ಪೂರ್ತಿ ಕಮಾನು. ಎರಡನೆಯ ತಿಂಗಳು ತಳವನ್ನು ಕಮಾನಿನಲ್ಲಿ ಹಿಡಿದು ಮೇಲಿನ ಸಾಲನ್ನು ಬಾಯಲ್ಲಿ ಹಾಡಿದೆ. ಮೂರನೆಯ ತಿಂಗಳು ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಕೂರಿಸಿಕೊಂಡೆ. ಹನ್ನೆರಡು ವರ್ಷದ ಹುಡುಗಿ. ಅವಳು ಕೆಂಪು ಹಾಳೆ ನುಡಿಸಿದಳು, ನಾನು ಬಾಖ್ ಬರೆದದ್ದನ್ನು ನುಡಿಸಿದೆ. ಒಂದು ದಿನ ಅವಳು ಬರಲಿಲ್ಲ. ಆ ದಿನ ಒಬ್ಬಳೇ ನುಡಿಸುವಾಗ ಅವಳ ಸ್ವರಗಳೆಲ್ಲ ಕಿವಿಯಲ್ಲಿ ಇದ್ದವು. ಇದೇ ಕ್ರಮವನ್ನು ಎರಡು ಮಾಲಿಕೆಗಳ ಹದಿನಾಲ್ಕು ಭಾಗಗಳಿಗೂ ಮಾಡಿದೆ, ಎಲ್ಲದಕ್ಕೂ ಇಷ್ಟು ತಾಳ್ಮೆಯಿಂದ ಅಲ್ಲ. ಅದರ ಫಲವನ್ನು ಮುಂದೆ ಹೇಳುತ್ತೇನೆ.

ತಳ ಕೇಳಿಸಬೇಕೆಂದರೆ ಆ ಸ್ವರವನ್ನು ಜೋರಾಗಿ ಒತ್ತುವುದು ಎಂದು ಮೊದಮೊದಲು ಎಣಿಸಿದ್ದೆ. ಹಾಗೆ ಮಾಡಿದರೆ ಎತ್ತಿನ ಗಾಡಿ ಹಳ್ಳಕ್ಕೆ ಇಳಿದಂತೆ ಪ್ರತಿ ಆವರ್ತವೂ ಕುಲುಕುತ್ತದೆ. ಬೇಕಾದದ್ದು ಒತ್ತಡ ಅಲ್ಲ, ಕೂದಲೆಳೆಯಷ್ಟು ಹೆಚ್ಚಿನ ವೇಳೆ. ಕಮಾನು ತಂತಿಯ ಮೇಲೆ ಇಳಿದು, ಒಂದು ಕ್ಷಣ ತಂಗಿ, ಹಗುರವಾಗಿ ಮೇಲೆ ದಾಟಬೇಕು. ಎಡಗೈ ಬೆರಳು ತಳದ ಸ್ವರವನ್ನು ಒತ್ತಿದ್ದರೆ ಮೇಲಿನ ತಂತಿಗಳಿಗೆ ಹೋದ ಮೇಲೂ ಅದನ್ನು ಎತ್ತಬಾರದು. ಎತ್ತಿದ ಕೂಡಲೇ ಉಳಿದ ನಾದ ಸಾಯುತ್ತದೆ. ಬೆರಳು ಇಟ್ಟಲ್ಲೇ ಇಡುವ ಈ ಒಂದು ಅಭ್ಯಾಸಕ್ಕೆ ನನ್ನ ಹಳೆಯ ಬೆರಳುಗಾರಿಕೆಯನ್ನು ಅರ್ಧಕ್ಕರ್ಧ ಬದಲಾಯಿಸಬೇಕಾಯಿತು.

ಇಲ್ಲಿ ಬರೋಕ್ ವಾದ್ಯವೇ ಗುರುವಾಯಿತು. ನನ್ನ ಚೆಲ್ಲೊಗೆ ಕೆಳಗೆ ನೆಲಕ್ಕೆ ಊರುವ ಲೋಹದ ಕಡ್ಡಿ ಇಲ್ಲ. ಆ ಕಡ್ಡಿ ಎಲ್ಲೆಡೆ ರೂಢಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ವಾದ್ಯವನ್ನು ಎರಡು ಕಾಲುಗಳ ಮೀನಖಂಡಗಳ ನಡುವೆ ಹಿಡಿದಿಡಬೇಕು. ಮೊದಲ ವರ್ಷ ಕಾಲು ನೋವು ವಿಪರೀತವಾಗಿತ್ತು, ಆಮೇಲೆ ಹಿಡಿಯುವುದಲ್ಲ, ಕೂರಿಸಿಕೊಳ್ಳುವುದು ಎಂದು ದೇಹಕ್ಕೇ ತಿಳಿಯಿತು. ಕಚೇರಿಗೆ ಮೈಸೂರು ರೇಷ್ಮೆ ಸೀರೆ ಉಡಬೇಕೆಂಬ ಆಸೆಯಿತ್ತು. ಮನೆಯಲ್ಲಿ ಉಟ್ಟು ನೋಡಿದೆ. ರೇಷ್ಮೆಯ ಮೇಲೆ ಮೆರುಗೆಣ್ಣೆ ಬಳಿದ ಮರ ನಿಲ್ಲುವುದಿಲ್ಲ, ಹತ್ತು ಆವರ್ತದೊಳಗೆ ಜಾರಿ ನೆಲ ಮುಟ್ಟುತ್ತದೆ. ದಪ್ಪ ಹತ್ತಿಯ ಕಪ್ಪು ಪೈಜಾಮವೇ ಗತಿಯಾಯಿತು.

ತಂತಿಗಳು ಕರುಳಿನವು. ಮೇಲಿನ ಎರಡು ಬರೀ ಕರುಳು, ಕೆಳಗಿನ ಎರಡಕ್ಕೆ ಕರುಳಿನ ಮೇಲೆ ಲೋಹದ ಎಳೆ ಸುತ್ತಿದೆ. ಹೀಗೆ ಲೋಹ ಸುತ್ತುವ ಉಪಾಯ ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಬಂತು. ಅದು ಬಂದ ಮೇಲೆಯೇ ದೈತ್ಯಗಾತ್ರದ ತಳವಾದ್ಯ ಸಣ್ಣದಾಗಿ, ಬೆರಳು ಓಡಿಸಬಹುದಾದ ಚೆಲ್ಲೊ ಆಯಿತು. ಕರುಳಿನ ತಂತಿ ಉಕ್ಕಿನದಷ್ಟು ಕೂಗುವುದಿಲ್ಲ, ಮಾತಾಡುತ್ತದೆ. ಪ್ರತಿ ಸ್ವರಕ್ಕೂ ಒಂದು ವ್ಯಂಜನದ ಮೊದಲಿದೆ. ಕಮಾನು ಕೂಡ ಬೇರೆ: ಹೊರಕ್ಕೆ ಬಾಗಿದ್ದು, ಹಗುರ, ತುದಿಯಲ್ಲಿ ಬಲ ಕಡಿಮೆ. ಹಾಗಾಗಿ ಎಳೆಯುವ ಕಮಾನಿಗೆ ತೂಕ ತಾನಾಗಿ ಬರುತ್ತದೆ, ತಳ್ಳುವ ಕಮಾನು ತಾನಾಗಿ ಹಗುರವಾಗುತ್ತದೆ. ಎರಡನ್ನೂ ಸಮ ಮಾಡಲು ನಾನು ಆಧುನಿಕ ಚೆಲ್ಲೊದಲ್ಲಿ ಹತ್ತು ವರ್ಷ ಸವೆಸಿದ್ದೆ. ಬರೋಕ್ ಕಮಾನು ಆ ಸಮಮಾಡುವಿಕೆಯನ್ನು ಬಿಡು ಎಂದಿತು. ಅಸಮವಾಗಿ ಬಿಟ್ಟಾಗ ನೃತ್ಯದ ಹೆಜ್ಜೆ ಕಾಣಿಸಿತು.

ಕಮಾನಿನ ಗೆರೆಗಳ ವಿಷಯ ಒಂದಿಷ್ಟು ಹೇಳಬೇಕು. ಎಷ್ಟು ಸ್ವರಗಳನ್ನು ಒಂದೇ ಕಮಾನಿನಲ್ಲಿ ಸೇರಿಸಬೇಕು ಎಂದು ತೋರಿಸುವ ಬಾಗುಗೆರೆಗಳನ್ನು ಆನಾ ಮಾಗ್ದಲೇನಾ ವೇಗವಾಗಿ, ಓರೆಯಾಗಿ ಎಳೆದಿದ್ದಾಳೆ. ಮೂರು ಸ್ವರಕ್ಕೋ ನಾಲ್ಕಕ್ಕೋ ಎಂದು ಹಲವೆಡೆ ತಿಳಿಯುವುದಿಲ್ಲ. ಇದರ ಮೇಲೆ ವಾದಕರ ನಡುವೆ ಮುಗಿಯದ ಚರ್ಚೆ ಇದೆ. ನಾನು ಮೊದಲ ಪ್ರೆಲ್ಯೂಡಿನಲ್ಲಿ ಮೊದಲ ಮೂರು ಸ್ವರಗಳನ್ನು ಸೇರಿಸಿ, ಉಳಿದವನ್ನು ಬಿಡಿಯಾಗಿ ನುಡಿಸುತ್ತೇನೆ. ತಳ, ನಡು, ಮೇಲು ಮೂರೂ ಒಂದೇ ಉಸಿರಿನಲ್ಲಿ ಬಂದರೆ ಕಿವಿಗೆ ಕಟ್ಟಡದ ಎತ್ತರ ತಿಳಿಯುತ್ತದೆ. ಇದಕ್ಕಿಂತ ಬಲವಾದ ಕಾರಣ ನನಗೆ ಬೇಕಾಗಿಲ್ಲ.

ಕಾರ್ಯಕ್ರಮದ ಕ್ರಮವನ್ನು ನಿರ್ಧರಿಸಿದ್ದು ರುಚಿಗಿಂತ ಹೆಚ್ಚಾಗಿ ಒಂದು ತಂತಿ. ಬಾಖ್‌ನ ಐದನೆಯ ಮಾಲಿಕೆ ಸಿ ಮೈನರ್‌ನಲ್ಲಿದೆ. ಅದಕ್ಕೆ ಮೇಲಿನ ಎ ತಂತಿಯನ್ನು ಒಂದು ಪೂರ್ಣ ಸ್ವರ ಇಳಿಸಿ ಜಿಗೆ ಕೂಡಿಸಬೇಕು. ಇಟಲಿಯ ಬೊಲೊನ್ಯಾದ ವಾದಕರಿಗೆ ಈ ಶ್ರುತಿ ಬಾಖ್‌ಗಿಂತ ಮೊದಲೇ ಗೊತ್ತಿತ್ತು. ಅಲ್ಲಿನ ಸಾನ್ ಪೆಟ್ರೋನಿಯೊ ಚರ್ಚಿನಲ್ಲಿ ಚೆಲ್ಲೊ ನುಡಿಸುತ್ತಿದ್ದ ದೊಮೆನಿಕೊ ಗಾಬ್ರಿಯೆಲ್ಲಿ 1689ರಲ್ಲಿ ಒಂಟಿ ಚೆಲ್ಲೊಗೆ ರಿಚೆರ್ಕಾರ್ ಎಂಬ ಬಗೆಯ ಏಳು ವಾದ್ಯರಚನೆಗಳನ್ನು ಬರೆದ, ಮರುವರ್ಷವೇ ತೀರಿಕೊಂಡ. ಒಂಟಿ ಚೆಲ್ಲೊ ಸಂಗೀತದಲ್ಲಿ ಇಂದು ಉಳಿದಿರುವ ಅತ್ಯಂತ ಹಳೆಯ ರಚನೆಗಳಲ್ಲಿ ಅವೂ ಸೇರಿವೆ. ಅವನ್ನೂ ಜಿ ಶ್ರುತಿಯಲ್ಲಿ ನುಡಿಸುವ ರೂಢಿಯಿದೆ. ಹೀಗಾಗಿ ಮೊದಲರ್ಧದಲ್ಲಿ ಬಾಖ್‌ನ ಒಂದನೆಯ ಮಾಲಿಕೆ ಮತ್ತು ದಾಲ್‌ಆಬಾಕೊ ಎಂಬ ಚೆಲ್ಲೊ ವಾದಕ ಬರೆದ ಕಾಪ್ರಿಚೊ ಎಂಬ ಸಣ್ಣ ರಚನೆಗಳಲ್ಲಿ ಒಂದೆರಡು, ಬಿಡುವಿನಲ್ಲಿ ತಂತಿ ಇಳಿಸುವುದು, ಎರಡನೆಯ ಅರ್ಧದಲ್ಲಿ ಗಾಬ್ರಿಯೆಲ್ಲಿ, ಬಳಿಕ ಐದನೆಯ ಮಾಲಿಕೆ ಎಂದು ಗೊತ್ತುಮಾಡಿದೆ.

ಕರುಳಿನ ತಂತಿಗೆ ನೆನಪಿದೆ. ಇಳಿಸಿದರೆ ಮೆಲ್ಲಗೆ ಮೇಲಕ್ಕೆ ತೆವಳುತ್ತದೆ, ಏರಿಸಿದರೆ ಕೆಳಕ್ಕೆ ಜಾರುತ್ತದೆ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಹತ್ತಾರು ಸಲ ಇಳಿಸಿ ನೋಡಿದೆ. ಬಿರಡೆ ತಿರುಗಿಸಿ ನೇರವಾಗಿ ಜಿಗೆ ತಂದು ಬಿಟ್ಟರೆ ಅದು ಅರ್ಧ ಗಂಟೆ ಕಾಡುತ್ತದೆ. ಜಿಗಿಂತ ಇನ್ನೂ ಅರ್ಧ ಸ್ವರ ಕೆಳಗೆ ಇಳಿಸಿ, ಐದು ನಿಮಿಷ ಬಿಟ್ಟು, ಮತ್ತೆ ಜಿಗೆ ಏರಿಸಿದರೆ ಇಪ್ಪತ್ತು ನಿಮಿಷದಲ್ಲಿ ಒಂದು ಹದಕ್ಕೆ ಬರುತ್ತದೆ. ಬಿಡುವನ್ನು ಇಪ್ಪತ್ತೈದು ನಿಮಿಷ ಇಡಬೇಕೆಂದು ಚರ್ಚಿನವರನ್ನು ಕೇಳಿಕೊಂಡೆ. ಅಷ್ಟು ಸಣ್ಣ ಕಚೇರಿಗೆ ಅಷ್ಟು ದೊಡ್ಡ ಬಿಡುವೇ ಎಂದು ಅವರಿಗೆ ಅಚ್ಚರಿಯಾಯಿತು, ಕಾರಣ ಹೇಳಿದ ಮೇಲೆ ಊರಿನವರು ಕೇಕ್ ಮಾಡಿ ತಂದರು. ಗಾಬ್ರಿಯೆಲ್ಲಿಯನ್ನು ಐದನೆಯ ಮಾಲಿಕೆಗಿಂತ ಮೊದಲು ಇಟ್ಟದ್ದೂ ಅದಕ್ಕೇ. ಅವನನ್ನು ನುಡಿಸುವ ಎಂಟು ನಿಮಿಷದಲ್ಲಿ ತಂತಿ ಇನ್ನಷ್ಟು ಕೂರುತ್ತದೆ, ರಚನೆಗಳ ನಡುವೆ ಮತ್ತೊಮ್ಮೆ ಶ್ರುತಿ ನೋಡಲು ಅವಕಾಶವೂ ಸಿಗುತ್ತದೆ.

ಈ ಶ್ರುತಿಯಲ್ಲಿ ಎರಡು ಜಿ ತಂತಿಗಳು ಒಂದು ಸ್ಥಾಯಿಯ ಅಂತರದಲ್ಲಿ ಇರುತ್ತವೆ. ಕೆಳಗಿನದನ್ನು ಎಳೆದರೆ ಮೇಲಿನದು, ಯಾರೂ ಮುಟ್ಟದಿದ್ದರೂ, ತಾನಾಗಿ ಮಿಡಿಯುತ್ತದೆ. ಸಿತಾರಿನ ತರಫ್ ತಂತಿಯ ಹಾಗೆ. ದೀಪದ ಬೆಳಕಿನಲ್ಲಿ ಅದರ ನಡುಕ ಕಣ್ಣಿಗೇ ಕಾಣುತ್ತದೆ. ಸಿ ಮೈನರ್‌ಗೆ ಜಿ ಎಂದರೆ ಪಂಚಮ. ಐದನೆಯ ಮಾಲಿಕೆಯ ಉದ್ದಕ್ಕೂ ಆ ಪಂಚಮ ಯಾರೋ ಪಕ್ಕದ ಕೋಣೆಯಲ್ಲಿ ಹಿಡಿದಿರುವ ಶ್ರುತಿಯಂತೆ ಇರುತ್ತದೆ. ತಂಬೂರಿ ಇಲ್ಲ ಎಂದುಕೊಂಡಿದ್ದ ನನಗೆ ಬಾಖ್ ತಂತಿ ಇಳಿಸಿ ಅರ್ಧ ತಂಬೂರಿ ಕೊಟ್ಟಿದ್ದಾನೆ ಎನಿಸಿದ ದಿನ ಕಣ್ಣು ತುಂಬಿಬಂತು.

ಚರ್ಚಿಗೆ ಮೂರು ಸಲ ಮುಂಚಿತವಾಗಿ ಹೋಗಿದ್ದೆ. ಕಲ್ಲಿನ ಗೋಡೆ, ಮರದ ಚಾವಣಿ, ಎಂಬತ್ತು ಜನ ಕೂರುವ ಜಾಗ. ಚಪ್ಪಾಳೆ ತಟ್ಟಿ ಎಣಿಸಿದರೆ ಖಾಲಿ ಚರ್ಚಿನಲ್ಲಿ ನಾದ ಸುಮಾರು ಮೂರು ಸೆಕೆಂಡ್ ಉಳಿಯುತ್ತಿತ್ತು. ತಳದ ಸ್ವರವನ್ನು ಹಿಡಿದಿಡಲು ಇದಕ್ಕಿಂತ ಒಳ್ಳೆಯ ಜೊತೆಗಾರ ಬೇಡ, ಆದರೆ ಜೀಗ್‌ನಂಥ ಓಟದ ಭಾಗದಲ್ಲಿ ಅದೇ ಗೋಡೆ ಸ್ವರಗಳನ್ನು ಕಲಸಿ ಮುದ್ದೆ ಮಾಡುತ್ತದೆ. ಪೀಠದ ಮುಂದಿನ ಮರದ ಅಟ್ಟದ ಮೇಲೆ ಕುಳಿತು ನೋಡಿದೆ, ಉಪಯೋಗವಿರಲಿಲ್ಲ. ನೆಲಕ್ಕೆ ಊರುವ ಕಡ್ಡಿ ಇದ್ದಿದ್ದರೆ ಮರದ ಅಟ್ಟವೂ ಜೊತೆಗೆ ಮಿಡಿಯುತ್ತಿತ್ತು. ಕೊನೆಗೆ ಬೆಂಚುಗಳ ಮೊದಲ ಸಾಲಿನಿಂದ ಎರಡು ಮಾರು ದೂರದಲ್ಲಿ, ಕಲ್ಲುನೆಲದ ಮೇಲೆ, ತೋಳಿಲ್ಲದ ಮರದ ಕುರ್ಚಿಯಲ್ಲಿ ಕೂರಲು ತೀರ್ಮಾನಿಸಿದೆ. ಜೀಗ್‌ಗಳ ವೇಗವನ್ನು ಅಲ್ಲೇ ಸ್ವಲ್ಪ ಇಳಿಸಿಕೊಂಡೆ. ಬಿಸಿಗಾಳಿಯ ಯಂತ್ರವನ್ನು ಬೆಳಿಗ್ಗೆ ಹಾಕಿ ಕಚೇರಿಗೆ ಒಂದು ಗಂಟೆ ಮುಂಚೆ ಆರಿಸಬೇಕೆಂದೂ ಕೇಳಿಕೊಂಡೆ. ಅದು ಗಾಳಿಯನ್ನು ಒಣಗಿಸಿ ನಾಲ್ಕು ತಂತಿಗಳನ್ನು ನಾಲ್ಕು ದಿಕ್ಕಿಗೆ ಎಳೆಯುತ್ತದೆ.

ಪುಸ್ತಕ ಎದುರಿಗೆ ಇಟ್ಟುಕೊಂಡು ನುಡಿಸು ಎಂದು ಗುರುಗಳು ಹೇಳಿದರು. ಬರೋಕ್ ವಾದಕರಲ್ಲಿ ಅನೇಕರು ಹಾಗೆಯೇ ಮಾಡುತ್ತಾರೆ, ಅದರಲ್ಲಿ ಕೊರತೆಯೇನೂ ಇಲ್ಲ. ನಾನು ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಪುಸ್ತಕ ನೋಡಿ ನುಡಿಸುವುದು ಪಾಠ, ನೋಡದೆ ನುಡಿಸುವುದು ಕಚೇರಿ. ಆ ಸಂಸ್ಕಾರ ಮೂಳೆಯಲ್ಲಿ ಇಳಿದಿದೆ.

ಕಚೇರಿಯ ದಿನ ಮಧ್ಯಾಹ್ನದಿಂದ ಮಳೆ. ಜನ ಒದ್ದೆ ಕೋಟುಗಳೊಂದಿಗೆ ಬಂದು ಕುಳಿತರು. ಒಳಗಿನ ಗಾಳಿ ಹತ್ತು ನಿಮಿಷದಲ್ಲಿ ತೇವವಾಗಿ, ನಾನು ಒಳಕೋಣೆಯಲ್ಲಿ ಕೂಡಿಸಿದ್ದ ಶ್ರುತಿಯೆಲ್ಲ ಹೋಯಿತು. ಎಲ್ಲರೆದುರು ಕುಳಿತು ಮತ್ತೆ ಮೊದಲಿನಿಂದ ಕೂಡಿಸಿದೆ. ನಮ್ಮ ಕಚೇರಿಗಳಲ್ಲಿ ವೇದಿಕೆಯ ಮೇಲೆ ಶ್ರುತಿ ಕೂಡಿಸುವುದು ಸಹಜ, ಕೇಳುಗರೂ ಅದರೊಳಗೆ ಸೇರಿಕೊಳ್ಳುತ್ತಾರೆ. ಇಲ್ಲಿಯೂ ಹಾಗೆಯೇ ಆಯಿತು. ನಾಲ್ಕು ತಂತಿಗಳು ಒಂದಕ್ಕೊಂದು ಒಪ್ಪುವ ಹೊತ್ತಿಗೆ ಚರ್ಚು ನಿಶ್ಶಬ್ದವಾಗಿತ್ತು.

ಒಂದನೆಯ ಮಾಲಿಕೆ ನನ್ನ ಮಟ್ಟಿಗೆ ಚೆನ್ನಾಗಿ ಹೋಯಿತು. ಮೊದಲ ಜಿ ಸ್ವರ ಗೋಡೆಗೆ ತಾಗಿ ಮರಳಿ ಬಂದು ಮೇಲಿನ ಸ್ವರಗಳ ಅಡಿಯಲ್ಲಿ ಹಾಸಿಕೊಂಡದ್ದು ನನಗೇ ಕೇಳಿಸಿತು. ಜನ ತುಂಬಿದ ಮೇಲೆ ನಾದದ ಉಳಿವು ತುಸು ಕಡಿಮೆಯಾಗಿದ್ದರಿಂದ, ಪ್ರತಿ ತಳಸ್ವರದ ಮೇಲೆ ಇನ್ನೊಂದಿಷ್ಟು ತಂಗಬೇಕಾಯಿತು. 22ನೆಯ ಆವರ್ತದಲ್ಲಿ ಓಟವೆಲ್ಲ ನಿಂತು ಒಂದು ತಂಗುದಾಣ ಬರುತ್ತದೆ. ಅಲ್ಲಿ ಕಮಾನು ಎತ್ತಿ ಕಾದೆ. ಹೊರಗೆ ಮಳೆಯ ಸದ್ದು. ಮೈಸೂರಿನ ಸಭೆಯಲ್ಲಿ ಆಗಿದ್ದರೆ ಯಾರಾದರೂ ಭೇಷ್ ಎನ್ನುತ್ತಿದ್ದರು. ಇಲ್ಲಿ ಮಾಲಿಕೆ ಮುಗಿಯುವವರೆಗೆ ಹದಿನೆಂಟು ನಿಮಿಷ ಕೆಮ್ಮನ್ನೂ ತಡೆದು ಕೂರುತ್ತಾರೆ. ಮೊದಮೊದಲು ಆ ಮೌನ ನನ್ನನ್ನು ಹೆದರಿಸುತ್ತಿತ್ತು. ಈಗ ಅದನ್ನೂ ತಲೆದೂಗುವಿಕೆ ಎಂದೇ ತಿಳಿಯುತ್ತೇನೆ.

ಎಡವಿದ್ದು ಐದನೆಯ ಮಾಲಿಕೆಯ ಪ್ರೆಲ್ಯೂಡಿನಲ್ಲಿ. ಅದು ಎರಡು ಭಾಗದ್ದು: ಗಂಭೀರವಾದ ನಿಧಾನ ಭಾಗ, ಆಮೇಲೆ ವೇಗದ ಫ್ಯೂಗ್. ಫ್ಯೂಗ್ ಎಂದರೆ ಒಂದು ಸಾಲನ್ನು ಒಬ್ಬರ ಹಿಂದೊಬ್ಬರು ಎತ್ತಿಕೊಂಡು ಹೆಣೆಯುವ ರಚನೆ. ಬಾಖ್ ಅದನ್ನು ಒಂದೇ ವಾದ್ಯದ, ಬಹುಪಾಲು ಒಂದೇ ಸಾಲಿನಲ್ಲಿ ಕಟ್ಟಿದ್ದಾನೆ. ಒಂದೇ ಬಗೆಯ ತಿರುವು ಬೇರೆ ಬೇರೆ ಆಧಾರದ ಮೇಲೆ ಮರಳಿ ಮರಳಿ ಬರುತ್ತದೆ. ಮುಕ್ಕಾಲು ದಾರಿ ಸಾಗಿದ ಮೇಲೆ ಬೆರಳುಗಳು ಒಂದು ತಿರುವಿನಲ್ಲಿ ತಪ್ಪು ಕವಲಿಗೆ ಇಳಿದವು. ಆಗಲೇ ನುಡಿಸಿದ್ದ ಜಾಗಕ್ಕೆ ಮರಳುತ್ತಿದ್ದೇನೆ ಎಂದು ಎರಡು ಆವರ್ತದ ನಂತರ ಗೊತ್ತಾಯಿತು. ಮುಂದಿನ ಸ್ವರ ಯಾವುದೆಂದು ತಲೆಯಲ್ಲಿ ಏನೂ ಇರಲಿಲ್ಲ. ಆದರೆ ತಳ ಎಲ್ಲಿಗೆ ಹೋಗಬೇಕಿತ್ತು ಎಂಬುದು ಕೆಂಪು ಹಾಳೆಯಿಂದಾಗಿ ಗೊತ್ತಿತ್ತು: ಪಂಚಮಕ್ಕೆ, ಜಿಗೆ. ಕೈಗೆ ಸಿಕ್ಕ ದಾರಿಯಿಂದ ಕೆಳಗಿನ ಜಿ ತಂತಿಗೆ ಇಳಿದು ಅಲ್ಲಿ ನಿಂತೆ. ಮೇಲಿನ ತಂತಿ ತಾನಾಗಿ ಮಿಡಿಯಿತು. ಆ ಒಂದು ಉಸಿರಿನ ಹೊತ್ತಿನಲ್ಲಿ ಮುಂದಿನ ಸಾಲು ಎದ್ದು ಬಂತು. ಕೆಲವು ಆವರ್ತಗಳನ್ನು ಹಾರಿಸಿದ್ದೆ. ಬಾಖ್‌ನನ್ನು ಬಲ್ಲವರಿಗೆ ಅದು ಗೊತ್ತಾಗಿಯೇ ಇರುತ್ತದೆ.

ಅದರ ನಂತರ ಬಂದ ಸಾರಾಬಾಂಡಿಗಾಗಿಯೇ ನಾನು ಈ ಮಾಲಿಕೆಯನ್ನು ಆರಿಸಿದ್ದು. ಬರೀ 20 ಆವರ್ತ. ಎರಡು ಸ್ವರ ಕೂಡಿಸಿ ನುಡಿಸುವ ಜಾಗ ಒಂದೂ ಇಲ್ಲ. ಪ್ರತಿ ಆವರ್ತದಲ್ಲೂ ಹೆಚ್ಚುಕಡಿಮೆ ಒಂದೇ ನಡೆ: ನಾಲ್ಕು ಸ್ವರ ನಡೆದು ಐದನೆಯದರ ಮೇಲೆ ನಿಲ್ಲುವುದು. ಉಳಿದ ಸಾರಾಬಾಂಡ್‌ಗಳಲ್ಲಿ ಪ್ರತಿ ಭಾಗವನ್ನು ಮರಳಿ ನುಡಿಸುವಾಗ ಸಣ್ಣ ಅಲಂಕಾರ ಸೇರಿಸುವುದು ಆ ಕಾಲದ ರೂಢಿ, ನಾನೂ ಒಂದನೆಯ ಮಾಲಿಕೆಯಲ್ಲಿ ಸೇರಿಸಿದೆ. ಇಲ್ಲಿ ಏನನ್ನೂ ಸೇರಿಸಲಿಲ್ಲ. ಗಮಕದಲ್ಲಿ ಬೆಳೆದ ಬೆರಳುಗಳಿಗೆ ಸ್ವರವನ್ನು ಅಲುಗಿಸದೆ ಇಟ್ಟಲ್ಲೇ ಬಿಡುವುದು ಸುಲಭವಲ್ಲ. ಆದರೆ ಇಲ್ಲಿ ಅಲುಗಿಸಿದರೆ ಮುಂದಿನ ಸ್ವರದ ದೂರ ಕೇಳಿಸುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಇರುವ ಆ ದೂರವೇ ಇಲ್ಲಿನ ಸಂಗೀತ. ಕಮಾನಿನ ತೂಕವನ್ನೂ ಬಿಟ್ಟು, ಕೂದಲು ತಂತಿಯನ್ನು ಬಿಡದಷ್ಟು ಮಾತ್ರ ಹಿಡಿದು ನುಡಿಸಿದೆ. ಮರಳಿ ನುಡಿಸುವಾಗ ಇನ್ನೂ ಮೆಲ್ಲಗೆ.

ಕಚೇರಿ ಮುಗಿದ ಮೇಲೆ ಒಳಕೋಣೆಯಲ್ಲಿ ಇಳಿಸಿದ ತಂತಿಯನ್ನು ಆ ರಾತ್ರಿಯೇ ಎಗೆ ಏರಿಸಲಿಲ್ಲ. ಒಂದೇ ದಿನ ಇಳಿಸಿ ಏರಿಸಿದರೆ ತಂತಿಗಳನ್ನು ಹೊರುವ ಕುದುರೆಯ ಬಳಿ ಕರುಳಿನ ಎಳೆ ಬಿಡುತ್ತದೆ ಎಂದು ಒಂದು ತಂತಿ ಕಳೆದುಕೊಂಡು ಕಲಿತಿದ್ದೆ. ರಾಳದ ಪುಡಿ ಒರೆಸಿ, ಕಮಾನಿನ ಕೂದಲು ಸಡಿಲಿಸಿ, ಪೆಟ್ಟಿಗೆ ಮುಚ್ಚಿ ಕೊನೆಯ ರೈಲು ಹಿಡಿದೆ.

ಧ್ವನಿಮುದ್ರಣವನ್ನು ಅಮ್ಮನಿಗೆ ಕಳಿಸಿದೆ. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ಫೋನ್ ಮಾಡಿ, “ಒಂದೊಂದೇ ಸ್ವರ ನಡೆದು ನಿಲ್ಲುವುದಿದೆಯಲ್ಲ, ಅದರಲ್ಲಿ ಆಧಾರ ಪೂರ್ತಿ ಕೇಳಿಸಿತು. ಅದರ ನಂತರ ಒಂದರ ಹಿಂದೊಂದು ಮೂರು ಮೂರಾಗಿ ಓಡುವುದು ಬಂತಲ್ಲ, ಅಲ್ಲಿ ಇಲ್ಲ. ಅಲ್ಲಿ ನೀನು ಬರೀ ಓಡಿದ್ದೀಯ” ಎಂದರು. ಅವರು ಹೇಳಿದ್ದು ಎರಡನೆಯ ಗವೊಟ್, ಐದನೆಯ ಮಾಲಿಕೆಯ ಹಗುರ ನೃತ್ಯಗಳ ಜೋಡಿಯಲ್ಲಿ ಎರಡನೆಯದು. ಅದಕ್ಕೆ ಕೆಂಪು ಹಾಳೆ ಮಾಡಿದ್ದೆ, ಆದರೆ ಓಟದ ಭಾಗ ತಾನಾಗಿ ಬರುತ್ತದೆ ಎಂದುಕೊಂಡು ಒಂದು ವಾರದಲ್ಲಿ ಬದಿಗಿಟ್ಟಿದ್ದೆ. ಆ ಹಾಳೆಯನ್ನು ಮತ್ತೆ ಹೊರತೆಗೆದಿದ್ದೇನೆ. ಪಕ್ಕದಲ್ಲಿ ನಾಲ್ಕನೆಯ ಮಾಲಿಕೆಯ ಪ್ರೆಲ್ಯೂಡಿನ ಜೆರಾಕ್ಸ್ ಇದೆ, ಇ ಫ್ಲ್ಯಾಟ್ ಮೇಜರ್. ಅದರ ಆಧಾರಸ್ವರಕ್ಕೆ ಖಾಲಿ ತಂತಿಯ ನೆರವಿಲ್ಲ, ಅದನ್ನು ಬೆರಳೇ ಒತ್ತಿ ಹಿಡಿದಿರಬೇಕು. ಹುಡುಗಿಗೆ ಈಗ ಹದಿಮೂರು. ಬುಧವಾರ ಸಂಜೆ ಐದಕ್ಕೆ ಬರುತ್ತಾಳೆ.